ಅಡ್ಡಹೆಸರು

ಮಿಲ್ಲಿನ ಹಾಜರಿ ಬುಕ್ಕಿನಾಗ
ಹನ್ನೊಂದು ಮಂದಿ ಸಿದ್ರಾಮ.
ಸೋಲಾಪುರದಾಗ ಅಷ್ಟಾದ್ರೂ ಬ್ಯಾಡೇನು!
ಪಗಾರದ ದಿನ ಒಬ್ಬನ ರೊಕ್ಕ ಇನ್ನೊಬ್ಬನ ಕಿಸೇಕ,
ಸಂಜೀಕ ಚಾಳಿನಾಗ ಜಗಳ.
ಬ್ಯಾಸತ್ತ ಕಾರಕೂನ ನಮ್ಮಜ್ಜನ ಮಗ್ಗದ ಮುಂದ ಬಗ್ಗಿ
ಹಿತ್ತಾಳಿ ಬಿಲ್ಲಿ ಮ್ಯಾಲಿನ ಎಣ್ಣಿಮಣ್ಣು ಒರಸಿ
ಅದನ್ನ ಮಾಡಿದಾವನ ಹೆಸರ ಬರಕೊಂಡ:
ಸಿದ್ರಾಮ ಥ್ರೆಲ್ಕೆಲ್ಡ್.

ಅಜ್ಜನ ಗಲ್ಲದಾಗ ತಂಬಾಕ.
ಊಟದ ಸುಟ್ಟಿ ಆಗೂದರಾಗ ಅದು ತೆರಕೇಲ ಆಗಿತ್ತು.
ಮುಂದ ಅಪ್ಪನ್ನ ಸಾಲಿಗೆ ಹಚ್ಚಿದಾಗ
ದೇಗಾಂವಕರ ಮಾಸ್ತರ
ಇದು ಯಾವುದರೆ ಊರಿರಬೇಕಂತ ತಿಳದು
ತಮ್ಮಂಗ ಅದಕೂ ಒಂದು 'ಕರ' ಹಚ್ಚಿ ಕಳಿಸಿದರು.

ಹಿಂಗ ನಾವು ತೆರಕೇಲಕರ.
ಮತದಾರರ ಯಾದಿಯೊಳಗ ಒಂಬತ್ತು.
ಅದರಾಗ ಇಬ್ಬರು ತೀರಿಕೊಂಡಾರ, ಹೆಸರ ಇನ್ನೂ ತಗದಿಲ್ಲ.

ನನ್ನ ನೋಡಾಕ ಬಂದವರು
ಚಹಾದ ಬಶಿ ಕೆಳಗಿಟ್ಟು ಕೇಳತಾರ:
ತೆರಕೇಲ ಎಲ್ಲಿ ಬರತದ? ಅಕ್ಕಲಕೋಟಿ ದಾಟಿ ಏನು?
ಇಂದುಮತಿ ಅತ್ತಿ ಸುಳ್ಳ ಹೇಳಾಕಿಯಲ್ಲ.
'ಭಾಳ ದೂರ ಐತ್ರಿ, ಎಸ್ಟಿ ಹೋಗೂದಿಲ್ಲ.'

ಮಿಲ್ಲ ಮುಚ್ಚಿದ ವರ್ಷ
ಮಗ್ಗಗೋಳು ಲಾರಿ ಹತ್ತಿದವು.
ಎಲ್ಲಾ ಭಂಗಾರ, ಅಂದ ಮರಾಠಿ ಹಮಾಲ.
ಅಜ್ಜಗ ಅದು ಕನ್ನಡದಾಗ ಕೇಳಿಸಿತು.
ಗೇಟಿನ ಹೊರಗ ನಿಂತು, ಹೂಂ, ಬಂಗಾರ, ಅಂದ.
ಹಿತ್ತಾಳಿ ಬಿಲ್ಲೀನೂ ತೂಕದಾಗ ಹೋತು.

ಆ ಥ್ರೆಲ್ಕೆಲ್ಡನ ಮೊಮ್ಮಕ್ಕಳು
ವಿಲಾಯತಿಯ ಯಾವ ಓಣ್ಯಾಗ ಅದಾರೋ,
ಎಷ್ಟು ಮಂದಿ ಉಳದಾರೋ.
ಅವರಿಗೂ ಬ್ಯಾಂಕಿನಾಗ ಎರಡೆರಡು ಸಲ
ಅಕ್ಷರ ಬಿಡಿಸಿ ಹೇಳೂ ಕಾಟ ಇರಬೇಕು.
ಯಾರರೆ ಸಿಕ್ಕರ ಹೇಳ್ರಿ,
ನಿಮ್ಮ ಹೆಸರಿನವರು ಇಲ್ಲಿ ಏಳು ಮಂದಿ,
ಮಗ್ಗಾ ಹೋದರೂ ಅದೀವಿ.
ಈ ಸಂಬಂಧ ಕುದುರಿತಂದ್ರ
ಆರು.