ತೊಗರಿಸಿಪ್ಪೆಯ ಬಣ್ಣ

ವಾಡಿಯ ಗೂಡ್ಸ್ ಶೆಡ್ಡಿನ ಹಿಂದೆ, ಜಾಲಿಯ ನೆರಳಿಗೆ
ಗಾಲಿ ಕಳಚಿಕೊಂಡ ನಿಜಾಮನ ಕಾಲದ ಡಬ್ಬಿ.
ಮೆಟ್ಟಿಲಿಗೊಂದು ಶಹಾಬಾದ್ ಕಲ್ಲು,
ಒಳಗೆ ಹುರ್ಮತ್‌ಬಿಯ ಕೋಳಿಗಳು.

ನಾಲ್ಕು ಭಾನುವಾರದಿಂದ ಅಳೆಯುತ್ತಿದ್ದೇನೆ.
ಬಾಗಿಲು ಐದಡಿ. ಪಟ್ಟಿಯೊಂದಕ್ಕೆ ಹನ್ನೊಂದು ರಿವಿಟ್ಟು,
ಹನ್ನೆರಡನೆಯದರ ತೂತಿನಲ್ಲಿ ಕಣಜದ ಹುಳದ ಗೂಡು.

ಮನೆಯಲ್ಲಿ ಯಾರದೋ ಲಗ್ನಪತ್ರಿಕೆಯ ರಟ್ಟು ಕೊಯ್ದು ಗೋಡೆ ನಿಲ್ಲಿಸಿದ್ದೇನೆ,
ಗುಂಡುಸೂಜಿಯಿಂದ ಒತ್ತಿ ಒತ್ತಿ ರಿವಿಟ್ಟು.
ಅಡಿಗೆ ನಾಲ್ಕು ಮಿಲಿಮೀಟರು:
ಇಡೀ ವ್ಯಾಗನ್ನು ಕಡ್ಡಿಪೆಟ್ಟಿಗೆಗಿಂತ ಎರಡು ಬೆರಳು ಉದ್ದ.

ಬಣ್ಣವೊಂದು ಗೊತ್ತಿಲ್ಲ.
ಸಿಕ್ಕ ಫೋಟೋಗಳೆಲ್ಲ ಕಪ್ಪು ಬಿಳುಪು.
ರಿಟೈರ್ಡ್ ಗಾರ್ಡ್ ಕಂಟೆಪ್ಪ ಕೆಂಪೆಂದರು,
ಅವರ ತಮ್ಮ ನಕ್ಕ: ಬೂದಿ.

ಬ್ಲೇಡು ಹಿಡಿದು ಕೆರೆದೆ. ಸುಣ್ಣ, ಸುಣ್ಣದಡಿ ಹಸಿರು,
ಬಾಗಿಲ ಹಳಿಯ ಮರೆಯಲ್ಲಿ, ಬಿಸಿಲು ಕಾಣದ ಕಡೆ
ಉಗುರಿನಷ್ಟು ಜಾಗ,
ತೊಗರಿಯ ಸಿಪ್ಪೆಯಂಥದ್ದು.

‘ಏನ್ ಕೆರಿಲತ್ತೀರಿ ಮಾಸ್ತರ್ರ,
ತೂತ್ ಬಿದ್ರ ಬೆಕ್ಕು ಬರ್ತದ!’

ಅವಳ ಅಂಗೈಯಲ್ಲಿ ನನ್ನ ಡಬ್ಬಿ ಇಟ್ಟೆ.
ಬಣ್ಣದ ಮಾತು ಅವಳಿಗೆ ಬೇಡ.
ಕಿರುಬೆರಳ ಉಗುರಿನಿಂದ ಬಾಗಿಲು ಸರಿಸಿದಳು,
ಸರ್ರನೆ ಸರಿಯಿತು.
‘ಸುಳ್ಳದ ಇದು’ ಅಂದಳು. ‘ನಮ್ಮಪ್ಪ ಇಲ್ಲೇ ಹಮಾಲಿ.
ಈ ಬಾಗ್ಲಾ ತೆರೀಲಾಕ್ ಇಬ್ಬರು ಬೇಕಿತ್ತು,
ಮ್ಯಾಲೊಂದು ಬೈಗುಳ.’

ರಾತ್ರಿ ಬಾಗಿಲ ಸಂದಿಗೆ ಒಂದು ಹನಿ ಗೋಂದು,
ಚಿಟಿಕೆ ತುಕ್ಕಿನ ಪುಡಿ.
ಈಗ ಅರ್ಧಕ್ಕೆ ಬಂದು ಕಚ್ಚಿಕೊಳ್ಳುತ್ತದೆ.

ಬೈಗುಳ ಯಾವುದೆಂದು ಕೇಳಲಿಲ್ಲ.
ಬರುವ ಭಾನುವಾರ ಕೇಳಬೇಕು.