ಆ ಕೋಂ

ಮಂಡಕ್ಕಿ ಭಟ್ಟಿ ಕೆಲಸಗಾರರ ಸಹಕಾರ ಸಂಘ, ದಾವಣಗೆರೆ.
ರಾತ್ರಿ ಹನ್ನೊಂದೂಕಾಲು. ಫ್ಯಾನಿನ ಗಾಳಿಗೂ ಹೊಟ್ಟಿನ ಹೊಗೆ.
ಹೋಸ್ಟ್ ತುಂಬಿದೆ, ಪೋರ್ಟ್ ತುಂಬಿದೆ.
ಪಾಸ್‌ವರ್ಡು, ಹಳೇ ಗುಮಾಸ್ತ ಕೊಟ್ರಪ್ಪನವರು
ಬೀರುವಿನ ಒಳಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದದ್ದು.
ಕೊನೆಯದು ಸೊನ್ನೆಯೋ ಇಂಗ್ಲಿಷಿನ ಓ-ನೋ
ಅವರಿಗೇ ನೆನಪಿಲ್ಲ.

ಸಂಪರ್ಕ ನಿರಾಕರಿಸಲಾಗಿದೆ.
ಸಂಪರ್ಕ ನಿರಾಕರಿಸಲಾಗಿದೆ.
ಓ ಒತ್ತಿದೆ. ಅಗುಳಿ ಸರಿಯಿತು.

ಆ ಕಡೆ ಎರಡು ಸಾವಿರದ ನಲವತ್ತು ಖಾತೆ,
ಈ ಕಡೆಯೂ ಅಷ್ಟೇ.
ಹೆಸರಿಗೆ ಹೆಸರು ಕೂಡುತ್ತ ಬಂದು
ಒಂದು ಸಾಲು ಕೆಂಪಗೆ ನಿಂತಿತು:
ಹಳೆಯದರಲ್ಲಿ, ಚೌಡಮ್ಮ ಕೋಂ ತಿಪ್ಪೇಶಿ.
ಹೊಸದರಲ್ಲಿ, ಚೌಡಮ್ಮ.

ಹೋದ ಯುಗಾದಿ ಮುಂದೆ ಬಂದಿದ್ದಳು,
ಮರಳು ಸುಟ್ಟ ಬೆರಳು ಕೌಂಟರಿನ ಮೇಲೂರಿ
'ಆ ಕೋಂ ತೆಗಿ ತಂಗಿ' ಅಂದಳು.
ನಾನು ಕಾರಣ ಕೇಳಲಿಲ್ಲ.
ಅರ್ಜಿ ಕೇಳಿದೆ, ಎರಡು ಫೋಟೋ ಕೇಳಿದೆ.
ಮೂರನೇ ದಿನ ತಂದಳು, ಫೋಟೋದಲ್ಲಿ ನಗು.

ಯಾವುದು ಮೂಲ? ಪರದೆ ಕೇಳುತ್ತಿದೆ.
ಹಳೆಯದೇ ಮೂಲ, ಕಾರ್ಯದರ್ಶಿಯ ಚೀಟಿ ಹೇಳುತ್ತಿದೆ.
ಎರಡು ಸಾವಿರದ ಮೂವತ್ತೊಂಬತ್ತು ಸಾಲಿಗೆ
ಚೀಟಿಯ ಮಾತು ನಡೆಸಿದೆ.
ಒಂದು ಸಾಲಿಗೆ ಮಾತ್ರ
ಬಾಣ ತಿರುಗಿಸಿದೆ.

ಹೊರಗೆ ಜರಡಿ ಆಡುವ ಸದ್ದು.
ನಾಳೆ ಕೊಟ್ರಪ್ಪನವರಿಗೆ ಫೋನು ಮಾಡಬೇಕು,
ಅದು ಸೊನ್ನೆಯಲ್ಲ ಅಂತ.