ನೀಲವ್ವನ ಕೆಂಪು ಫ್ರಿಜ್ಜು

ಪುಕ್ಕಟೆ ಕೊಟ್ರು, ಸುಳ್ಳ್ಯಾಕ ಹೇಳ್ಲಿ.
ಇಬ್ಬರು ಆಳು ಟೆಂಪೊದಿಂದ ಇಳಿಸಿ
ಅಂಗಡಿ ಬಾಗಿಲದಾಗ ನಿಲ್ಲಿಸಿ ಹೋದ್ರು,
ಮದಲಗಿತ್ತಿಯಂಗ ಕೆಂಪಗ.
ಕಾಗದದ ಮ್ಯಾಲ ಹೆಬ್ಬಟ್ಟಲ್ಲ, ಸಹಿ ಮಾಡೀನಿ:
ಇದರಾಗ ನಮ್ಮ ಬಾಟ್ಲಿ ಬಿಟ್ಟು
ಬ್ಯಾರೇದೇನೂ ಇಡೂಹಂಗಿಲ್ಲ.

ನೀಲಿ ಕಂಪನಿಯಂವಗ ಹೊಟ್ಟಿ ಉರೀತು.
ಮರುದಿನ ಆನಿಯಂಥಾ ಛತ್ರಿ ತಂದು ನೆಟ್ಟ,
ಮಗಳಿಗೊಂದು ಪಾಟಿಚೀಲ,
ಮ್ಯಾಲೊಂದು ಬೋರ್ಡು: ನೀಲವ್ವ ಜನರಲ್ ಸ್ಟೋರ್ಸ್.
ಹೆಸರು ಬೆರಳಿನಷ್ಟು, ಅವರ ಬಾಟ್ಲಿ ಆಳಿನಷ್ಟು.
"ಅಕ್ಕಾ, ನಿಮ್ಮ ಹೆಸರೇ ನಮ್ಮದೈತಲ್ರಿ"
ಮುರುಕು ಕನ್ನಡದಾಗ ನಕ್ಕ, ಪ್ರಜ್ಯೋತ ನಾಯಕ.

ಸಂಜೀಕ ಕೆಂಪಿನ ಅನ್ಸೆಲ್ಮ ಬಂದ.
ಬೋರ್ಡು ನೋಡಿದ, ಮಾತಾಡಲಿಲ್ಲ.
ಗ್ವಾಡಿ ತುಂಬ ಬಣ್ಣ ಹೊಡಿಸಿದ,
ಹೊಸ್ತಿಲ ಬಿಡಲಿಲ್ಲ.
ವಾರದಾಗ ನನ್ನ ಎಂಟಡಿ ಅಂಗಡಿ
ಹೋರಿ ಕಾದಾಡೋ ಬಯಲಾತು.
ನಡುವ ಕುಂತು ನಾನು
ಬೀಡಿ, ಬೆಂಕಿಪೆಟ್ಟಿಗಿ, ಹತ್ತು ರೂಪಾಯಿ ಎಣ್ಣಿ.

ಏಪ್ರಿಲ್ ಬಂತು. ಬಂದರದ ಕಲ್ಲಿದ್ದಲ ಧೂಳಿಗೆ
ಝುವಾರಿನಗರದ ಗಂಟಲು ಒಣಗಿತ್ತು, ಅದು ಖರೆ.
ಕೆಂಪಿನವ್ರು ಮುಚ್ಚಳದೊಳಗ ಸ್ಕೂಟರ್ ಇಟ್ರು,
ನೀಲಿಯವ್ರು ಮುಚ್ಚಳದೊಳಗ ದುಬೈ ಇಟ್ರು.
ನಮ್ಮ ಓಣ್ಯಾಗ ಎಲ್ಲಾರಿಗೂ
ಮತ್ತೊಮ್ಮೆ ಪ್ರಯತ್ನಿಸಿ ಬಂತು.
ಹುಡುಗೂರು ಮುಚ್ಚಳ ಕಲ್ಲಿಲೆ ಬಡದು ಚಪ್ಪಟಿ ಮಾಡಿ
ದಾರ ಪೋಣಿಸಿ ಗರಗರ ತಿರುವಿದ್ರು.
ಗೌಂಡಿ ಯಂಕೋಬನ ಹುಡುಗ ಬೆರಳು ಕೊಯ್ಕೊಂಡ.

ಹುಲಗಪ್ಪ ನೀಲಿ ಗಾಡಿಯ ಹಮಾಲ, ರೋಣದ ಕಡೆಯಂವ.
ದಿನಾ ನಾನೂರು ಕ್ರೇಟು ಹೊರೋ ಬೆನ್ನು.
ಮೂವತ್ತೆಂಟಕ್ಕ ಸಕ್ರಿ ಬ್ಯಾನಿ.
ಯಾಕ ಬಂತಂತ ನಾ ಕೇಳಲಿಲ್ಲ, ಅಂವ ಹೇಳಲಿಲ್ಲ.
ಸೂಜಿ ಮದ್ದು ತಣ್ಣಗಿರಬೇಕಂತ.
ಅಂವನ ಖೋಲಿ ತಗಡಿಂದು, ಮಧ್ಯಾಹ್ನ ಒಲಿ.
ಅಂವನ ಕಂಪನಿ ಅಂವಗ ಕೊಟ್ಟದ್ದು ಟೊಪ್ಪಿಗಿ.

ಹಂಗಾಗಿ
ಕೆಂಪು ಫ್ರಿಜ್ಜಿನ ಕೆಳಗಿನ ಹಲಿಗಿ, ಹಿಂದಿನ ಸಾಲು,
ಸ್ಟೀಲಿನ ಡಬ್ಬಿ, ಅದಕ್ಕ ನನ್ನ ಹಳೆ ಕುಪ್ಪಸದ ಅರಿವಿ.
ಮುಂಜಾನೆ ಆರಕ್ಕ ಬರತಾನ, ರಾತ್ರಿ ಎಂಟಕ್ಕ ಬರತಾನ,
ಅಂಗಡಿ ಹಿಂದ ನಿಂತು ಅಂಗಿ ಎತ್ತತಾನ.
ನಾ ಆ ಕಡೆ ಮುಖ ಮಾಡಿ
ಎಣಿಸಿದ್ದ ಬೀಡಿಕಟ್ಟು ಮತ್ತ ಎಣಸತೀನಿ.

ಮೇ ತಿಂಗಳು ತಪಾಸಣಿ.
ಅನ್ಸೆಲ್ಮ ಬಾಗಿಲು ತೆರೆದು ಮೊಬೈಲ್ ಎತ್ತಿದ.
ಫೋಟೊದಾಗ ಎಲ್ಲಾ ಕೆಂಪಿರಬೇಕಂತ,
ಬ್ಯಾರೆ ಬಣ್ಣ ಇಣುಕಿದ್ರ ಅಂವನ ಪಗಾರಕ್ಕ ಕತ್ತರಿ.
ಸಾಲು ಸರಿಸಿದ. ಡಬ್ಬಿ ಕಂಡಿತು.
"ಯಾರದಿದು?"
"ನೀಲಿಯವರದು" ಅಂದುಬಿಟ್ಟೆ. ಬಾಯಿ ನನ್ನ ಮಾತು ಕೇಳೂದಿಲ್ಲ.

ಅಂವ ಅರಿವಿ ಬಿಚ್ಚಿದ.
ಹೆಬ್ಬೆರಳಷ್ಟು ಶೀಶೆ, ಬೆಳಕಿಗೆ ಹಿಡಿದ,
ತಾರೀಖು ಓದಿದ.
ಇನ್ನೊಂದು ಕೈ ತಾನಾಗೇ
ಅಂಗಿ ಮ್ಯಾಲ, ಹೊಕ್ಕಳದ ಬಾಜೂ
ಹೋಗಿ ನಿಂತಿತ್ತು.

ಡಬ್ಬಿ ನನ್ನ ಉಡ್ಯಾಗ ಇಟ್ಟ. ಫೋಟೊ ತಗೊಂಡ.
ತಿರುಗಿ ತಾನೇ ಎತ್ತಿ, ಒಳಗ ಇಟ್ಟು,
ಮುಂದ ಎರಡು ಬಾಟ್ಲಿ ಒತ್ತಿ ನಿಲ್ಲಿಸಿದ.
"ಹಿಂದ ತೀರಾ ಒತ್ತಬ್ಯಾಡ, ಅಲ್ಲಿ ಬರ್ಫ ಹಿಡಿತದ.
ಬರ್ಫ ಹಿಡಿದ್ರ ಮದ್ದು ಸತ್ತಂಗ."

ಹೋಗುವಾಗ
ನೀಲಿ ಛತ್ರಿಗೆ ಒಂದು ಒದ್ದೇ ಹೋದ.

ರಾತ್ರಿ ಎಂಟಕ್ಕ ಹುಲಗಪ್ಪ.
ನಾ ಏನೂ ಹೇಳಲಿಲ್ಲ.
"ಸೂಜಿ ಚುಚ್ಚಿಕೊಂಡಾದ ಮ್ಯಾಲ
ಆ ನಿಮ್ಮ ಛತ್ರಿ ಸ್ವಲ್ಪ ನೆಟ್ಟಗ ಮಾಡಪ್ಪ,
ವಾಲೇತಿ" ಅಂದೆ.